ಕುರಿತಲೆ ಉಂಡವನ ಕೋರಿಕೆ

ಸಾರಿಕುಡುಕ್‌ನಲ್ಲಿ ಈಗ ಹಿಂದಿನವರು ವಾಸಿಸುತ್ತಿದ್ದಂಥ ಉಣ್ಣೆಯ ಗುಡಾರ ಉಳಿದಿರುವುದು ಕುನ್ಸುಲು ಒಬ್ಬಳ ಮನೆಯಲ್ಲಿ. ಎಣ್ಣೆ ಬಾವಿಗಳು ಬಂದ ಮೇಲೆ ನಮ್ಮೂರಿನವರೆಲ್ಲ ಕಂಪನಿಯ ಕ್ವಾರ್ಟರ್ಸಿಗೆ ಹೋದರು. ಗುಡಾರದ ಕಟ್ಟಿಗೆ ಒಲೆಗೆ ಹೋಯಿತು, ಉಣ್ಣೆ ನಾಯಿಗಳ ಹಾಸಿಗೆಯಾಯಿತು. ಕುನ್ಸುಲುವಿನ ಗುಡಾರ ಅವಳ ಅತ್ತೆಯ ಕಾಲದ್ದು. ವರ್ಷವಿಡೀ ಹಿತ್ತಲಿನ ಕೊಟ್ಟಿಗೆಯಲ್ಲಿ ಸುತ್ತಿಟ್ಟಿರುತ್ತಾಳೆ. ವಸಂತದಲ್ಲಿ ಒಮ್ಮೆ ಬಿಚ್ಚಿ, ಹುಳು ಹಿಡಿದಿದೆಯೇ ನೋಡಿ, ಬಿಸಿಲಿಗೆ ಹಾಕಿ, ಮತ್ತೆ ಸುತ್ತುತ್ತಾಳೆ.

ಹಾಗೆ ಬಿಸಿಲಿಗೆ ಹಾಕಿದ್ದ ಒಂದು ದಿನವೇ ಅಕಿಮ್‌ನ ಕಚೇರಿಯ ಜೀಪು ಮನೆ ಮುಂದೆ ಬಂದು ನಿಂತಿತು. ಅಕಿಮ್ ಎಂದರೆ ಜಿಲ್ಲೆಯನ್ನು ಆಳುವವನು. ಅವನನ್ನು ಆರಿಸಿದವರು ನಾವಲ್ಲ, ರಾಜಧಾನಿಯಿಂದ ಕಳಿಸುತ್ತಾರೆ. ಜೀಪಿನಿಂದ ಇಳಿದವನು ಅವನ ಸಹಾಯಕ ಸೆರಿಕ್‌ಬಾಯ್. ಹೊಳೆಯುವ ಬೂಟಿನ ಮೇಲೆ ಧೂಳು ಕೂರದಂತೆ ನೋಡಿ ನೋಡಿ ಹೆಜ್ಜೆ ಇಟ್ಟ.

“ಅಕ್ಕಾ, ಹೊರದೇಶದ ಮಂತ್ರಿ ಬರ್ತಿದಾರೆ. ಬಾವಿಗಳ ಹತ್ರಾನೇ ನಮ್ಮ ಪದ್ಧತೀಲಿ ಊಟ ಹಾಕ್ಬೇಕು ಅಂತ ಸಾಹೇಬ್ರ ಆಸೆ. ನಗರದಿಂದ ಒಂದು ಗುಡಾರ ತರಿಸಿದ್ವಿ, ಪ್ಲಾಸ್ಟಿಕ್ ವಾಸನೆ ಹೊಡೀತದೆ. ನಿಮ್ದು ಬೇಕು.”

“ಗುಡಾರ ಒಂದೇ ಸಾಕೋ?”

“ತಲೆ ಬೇಯ್ಸೋಕೆ ನೀವೂ ಬರ್ಬೇಕು.”

ಪಕ್ಕದ ಮನೆಯ ಶಾರ್ಕುಲ್ ಜಗಲಿಯ ಮೇಲೆ ಕೂತು ಉಣ್ಣೆ ಹಿಂಜುತ್ತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಹಲ್ಲು ಹೋಗಿವೆ, ನಾಲಿಗೆ ಹೋಗಿಲ್ಲ. “ಯಾರ ತಲೆ ಅಂತ ಮೊದ್ಲು ಕೇಳ್ಕೊಳ್ಳೇ ಕುನ್ಸುಲು,” ಎಂದಳು. “ಈ ಕಚೇರಿಯೋರನ್ನ ನಂಬೋಕಾಗಲ್ಲ.”

ಸೆರಿಕ್‌ಬಾಯ್ ನಕ್ಕ, ಆದರೆ ಬೇಗನೆ ನಗು ನಿಲ್ಲಿಸಿದ. “ಒಳಗಿನ ಸಾಮಾನೆಲ್ಲ ಇದ್ದ ಹಾಗೇ ಇರ್ಲಿ ಅಕ್ಕಾ. ಜಮಖಾನ, ಪೆಟ್ಟಿಗೆ, ಗೋಡೇಲಿ ತೂಗ್ಹಾಕೋದು, ಎಲ್ಲಾ. ಯಾರೋ ನಿಜವಾಗ್ಲೂ ಬದುಕಿರೋ ಮನೆ ಥರ ಕಾಣ್ಬೇಕು.”

ಕುನ್ಸುಲು ಆಗುವುದಿಲ್ಲ ಎಂದಳು. ಅವನು ನಾಳೆ ಬರುತ್ತೇನೆ ಎಂದು ಹೋದ.

ಆಗುವುದಿಲ್ಲ ಎನ್ನಲು ಅವಳಿಗಿದ್ದ ಕಾರಣ ಊರಿಗೆಲ್ಲ ಗೊತ್ತಿತ್ತು. ಸೆರಿಕ್‌ಬಾಯ್‌ಗೂ ಗೊತ್ತಿತ್ತು. ಕುನ್ಸುಲು ಒಂಟೆ ಕಾಯುವವರ ಮಗಳು. ಮದುವೆಯಾಗಿ ಬಾವಿಗಳ ಊರಿಗೆ ಬಂದಳು. ಗಂಡ ಬಾವಿಯ ಬಳಿ ವಿಷದ ಗಾಳಿ ಕುಡಿದು ಸತ್ತ. ಆಮೇಲೆ ಮದುವೆಗೆ, ತಿಥಿಗೆ ಮಾಂಸ ಬೇಯಿಸಿ ಒಬ್ಬನೇ ಮಗನನ್ನು ಸಾಕಿದಳು. ಆ ಮಗ ಒರಾಜ್ ಅಪ್ಪ ಸತ್ತ ಬಾವಿಯಲ್ಲೇ ಕೆಲಸಕ್ಕೆ ಸೇರಿದ. ಕೆಲವು ವರ್ಷಗಳ ಹಿಂದಿನ ಚಳಿಗಾಲದಲ್ಲಿ ಬಾವಿ ಕೆಲಸಗಾರರು ವಿಷದ ಗಾಳಿ ತಡೆಯಲು ಮುಖಕ್ಕೆ ಕಟ್ಟಿಕೊಳ್ಳುವ ಒಳ್ಳೆಯ ಮಾಸ್ಕು ಬೇಕು, ಬಾವಿಯ ಹತ್ತಿರ ಒಬ್ಬ ಡಾಕ್ಟರು ಬೇಕು ಎಂದು ಊರಿನ ಚೌಕದಲ್ಲಿ ಕೂತರು. ದಿನಗಟ್ಟಲೆ ಕೂತರು. ಕೊನೆಗೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯಾಗಿ ಕಚೇರಿ ಒಂದು ಅಂಕಿ ಹೇಳಿತು, ಗೋರಿಗಳು ಬೇರೊಂದು ಹೇಳುತ್ತವೆ. ಒರಾಜ್ ಗಾಯಗೊಂಡ ಗೆಳೆಯನನ್ನು ಬ್ರೆಡ್ಡಿನ ವ್ಯಾನಿಗೆ ಎತ್ತಿ ಹಾಕಿ ಆಸ್ಪತ್ರೆಗೆ ಒಯ್ದ. ಅವನ ಅಂಗಿಯ ಮೇಲಿದ್ದ ರಕ್ತವೇ ಕೋರ್ಟಿನಲ್ಲಿ ಸಾಕ್ಷಿಯಾಯಿತು. ದಂಗೆಯ ಮುಂದಾಳು ಎಂದು ತೀರ್ಪಾಯಿತು.

ಅವನಿರುವ ಜೈಲು ದೇಶದ ಇನ್ನೊಂದು ತುದಿಯಲ್ಲಿ, ಬರ್ಚ್ ಮರಗಳ ನಾಡಿನಲ್ಲಿದೆ. ಅಲ್ಲಿ ಅವನಿಗೆ ಕ್ಷಯ ಹತ್ತಿತು. ಕಾಯಿಲೆ ಬಿದ್ದ ಕೈದಿಯನ್ನು ಮನೆಗೆ ಕಳಿಸಲು ಕಾನೂನಿನಲ್ಲಿ ದಾರಿ ಇದೆ, ಆದರೆ ಕೈದಿಯ ಊರಿನ ಅಕಿಮ್ ‘ನಮ್ಮ ಅಭ್ಯಂತರವಿಲ್ಲ’ ಎನ್ನಬೇಕು. ಆ ಒಂದು ಮಾತಿಗಾಗಿ ಕುನ್ಸುಲು ಎಷ್ಟು ಸಲ ಕಚೇರಿಯ ಮೆಟ್ಟಿಲು ಹತ್ತಿದಳೋ. ಒಮ್ಮೆ ಸಾಹೇಬರು ಸಭೆಯಲ್ಲಿದ್ದಾರೆ, ಇನ್ನೊಮ್ಮೆ ರಾಜಧಾನಿಯಲ್ಲಿದ್ದಾರೆ. ಕಲ್ಲಿನ ಮೇಲೆ ನೀರು ಹೊಯ್ದ ಹಾಗೆ.

ಅಂದು ಸಂಜೆ ಚಹಾ ಕುಡಿಯುತ್ತ ಶಾರ್ಕುಲ್ ಬೈದಳು.

“ಬುದ್ಧಿ ಎಲ್ಲಿಟ್ಟಿದೀಯೇ? ಆಗಲ್ಲ ಅಂತಂದ್ಯಲ್ಲ!”

“ನನ್ನ ಮಗನ್ನ ಜೈಲಿಗೆ ಹಾಕ್ದೋನಿಗೆ ನಾನು ಬೇಯ್ಸಿ ಹಾಕ್ಲಾ ಅಕ್ಕಾ?”

“ಅವನಿಗಲ್ಲ ಕಣೇ, ಅತಿಥಿಗೆ. ತಲೆ ಉಣ್ಣೋನು ಅತಿಥಿ. ತಲೆ ಉಂಡೋನು ಕೊಲ್ಕ ಕೇಳ್ದಂಗೆ ಎದ್ದು ಹೋಗ್ತಾನಾ? ಕೇಳಿದ್ಮೇಲೆ ಅಕಿಮ್ ಇಲ್ಲ ಅಂತಾನಾ?”

ಕುನ್ಸುಲು ಬಟ್ಟಲನ್ನು ಕೆಳಗಿಟ್ಟಳು.

ಕೊಲ್ಕ ಎಂದರೆ ಕೋರಿಕೆ, ಆದರೆ ಇಲ್ಲ ಎನ್ನಲಾಗದ ಕೋರಿಕೆ. ಕುರಿತಲೆಯ ಮರ್ಯಾದೆ ಪಡೆದ ಅತಿಥಿ ಊಟದ ಕೊನೆಗೆ ಮನೆಯವರನ್ನು ಒಂದು ವಸ್ತು ಕೇಳಬಹುದು, ಒಂದು ಉಪಕಾರ ಕೇಳಬಹುದು. ಕೊಡದಿದ್ದರೆ ಆ ಮನೆಯ ಉಪ್ಪಿಗೆ ಬೆಲೆಯಿಲ್ಲ. ಕುನ್ಸುಲುವಿನ ತಂದೆ ಒಮ್ಮೆ ಹೀಗೆ ಕೇಳಿದವರಿಗೆ ಬೆಳ್ಳಿ ಕಟ್ಟಿದ ಜೀನು ಕೊಟ್ಟು, ಬರಿಬೆನ್ನಿನ ಕುದುರೆಯನ್ನು ನಡೆಸಿಕೊಂಡು ಮನೆಗೆ ಬಂದಿದ್ದ. ಹಗೆ ಸಾಧಿಸುತ್ತಿದ್ದ ಎರಡು ಮನೆತನಗಳು ಒಬ್ಬ ಮುದುಕನ ಕೊಲ್ಕಕ್ಕೆ ತಲೆಬಾಗಿ ಬೀಗರಾದ ಕಥೆಯನ್ನು ಇಲ್ಲಿ ಮಕ್ಕಳೂ ಹೇಳುತ್ತಾರೆ. ಕೊಲ್ಕವನ್ನು ತಿರಸ್ಕರಿಸಿದ ಕಥೆಯನ್ನು ಯಾರೂ ಕೇಳಿಲ್ಲ.

ಮರುದಿನ ಸೆರಿಕ್‌ಬಾಯ್ ಬಂದಾಗ ಗುಡಾರದ ಕಟ್ಟುಗಳು ಅಂಗಳದಲ್ಲಿ ಸಿದ್ಧವಾಗಿದ್ದವು.

ಗುಡಾರ ಎತ್ತಿದ್ದು ಬಾವಿಗಳಿಂದ ಸ್ವಲ್ಪ ದೂರದ ಬಯಲಿನಲ್ಲಿ. ದಿಗಂತದಲ್ಲಿ ಬಾವಿಯ ಅನಿಲ ಉರಿಯುವ ಕೊಳವೆಗಳು ಹಗಲಲ್ಲೂ ಕಾಣುತ್ತಿದ್ದವು. ಕುನ್ಸುಲು ಒಳಗಿನದ್ದನ್ನೆಲ್ಲ ಅತ್ತೆ ಜೋಡಿಸುತ್ತಿದ್ದಂತೆಯೇ ಜೋಡಿಸಿದಳು. ಬಾಗಿಲಿಗೆ ಎದುರು ಗೌರವದ ಜಾಗ, ಅದರ ಹಿಂದೆ ಪೆಟ್ಟಿಗೆಗಳು, ಬಲಗಡೆ ಗೋಡೆಯ ಮರದ ಜಾಲರಿಗೆ ದೊಂಬ್ರಾ. ಎರಡು ತಂತಿಯ ಆ ವಾದ್ಯವನ್ನು ಅವಳ ಗಂಡ ಏಪ್ರಿಕಾಟ್ ಮರದಲ್ಲಿ ಮಾಡಿದ್ದ, ಒರಾಜ್ ನುಡಿಸುತ್ತಿದ್ದ. ಮನೆ ಬಿಟ್ಟು ಹೋದ ದಿನ ಅವನು ಹೇಗೆ ಶ್ರುತಿ ಮಾಡಿಟ್ಟಿದ್ದನೋ ಹಾಗೇ ಬಿಟ್ಟಿದ್ದಳು. ತರಲೋ ಬೇಡವೋ ಎಂದು ಯೋಚಿಸಿ, ದೊಂಬ್ರಾ ಇಲ್ಲದ ಗುಡಾರವನ್ನು ಮನೆ ಎನ್ನುವುದಿಲ್ಲ ಎಂದುಕೊಂಡು ತಂದಿದ್ದಳು.

ಇನ್ನು ಅತಿಥಿಗೆ ವಿಷಯ ಮುಟ್ಟಬೇಕಿತ್ತು. ದುಭಾಷಿಯಾಗಿ ಬಂದವಳು ಮೋಲ್ದಿರ್. ನಮ್ಮೂರಿನದೇ ಹುಡುಗಿ, ಒರಾಜ್ ಜೊತೆ ಒಂದೇ ತರಗತಿಯಲ್ಲಿ ಓದಿದವಳು. ರಾಜಧಾನಿಯಲ್ಲಿ ನೌಕರಿಯಲ್ಲಿದ್ದಳು. ಗುಡಾರ ನೋಡುವ ನೆಪದಲ್ಲಿ ಅವಳು ಬೇಗ ಬಂದಾಗ ಕುನ್ಸುಲು ಕುರಿತಲೆಯ ಕೂದಲನ್ನು ಉರಿ ಉಗುಳುವ ಸೀಮೆಎಣ್ಣೆ ದೀಪದಲ್ಲಿ ಸುಡುತ್ತಿದ್ದಳು. ವಿಷಯ ಹೇಳಿದಳು.

“ಅಯ್ಯೋ, ಬೇಡ ಅತ್ತೆ,” ಎಂದಳು ಮೋಲ್ದಿರ್. “ನನ್ನ ಕೆಲ್ಸ ಹೋಗತ್ತೆ.”

“ನಿನ್ನ ಮಾತು ಅಂತ ಯಾರು ಹೇಳು ಅಂದ್ರು? ನಾನಂದದ್ದನ್ನ ನೀನು ಅವರ ಭಾಷೇಲಿ ಹೇಳ್ತೀಯ. ಅಷ್ಟೇ.”

ಮೋಲ್ದಿರ್ ಸುಟ್ಟ ತಲೆಯನ್ನೇ ನೋಡುತ್ತಿದ್ದಳು. ಆಮೇಲೆ ಹೇಳಿದಳು: “ಆ ಗೋಲಿಬಾರ್ ಆದಾಗ ಈ ಮಂತ್ರಿ ದೇಶದೋರೇ ಹೇಳಿಕೆ ಕೊಟ್ಟಿದ್ರು ಅತ್ತೆ. ಸ್ವತಂತ್ರ ತನಿಖೆ ಆಗ್ಬೇಕು, ಯಾರು ಆರ್ಡರ್ ಕೊಟ್ರು ಗೊತ್ತಾಗ್ಬೇಕು ಅಂತ. ನಾನೇ ಓದಿದ್ದೆ.”

“ನೋಡಿದ್ಯಾ? ಅವ್ರಿಗೆ ಮೊದ್ಲೇ ಗೊತ್ತಿದೆ.”

“ಆಮೇಲೆ ಅವರ ದೇಶದಲ್ಲಿ ಚಳಿಗಾಲ ಜೋರಾಯ್ತು. ಎಣ್ಣೆ ರೇಟು ಏರ್ತು. ಆಮೇಲೆ ಆ ಮಾತು ಬರ್ಲಿಲ್ಲ.”

“ಬರ್ದಿದ್ರೆ ಏನಾಯ್ತು, ಇವತ್ತು ನಾವು ಜ್ಞಾಪಿಸ್ತೀವಿ,” ಎಂದು ಕುನ್ಸುಲು ಚಾಕು ತೆಗೆದುಕೊಂಡು ಕಪ್ಪಾದ ಚರ್ಮವನ್ನು ಹೆರೆಯತೊಡಗಿದಳು. ಮೋಲ್ದಿರ್ ಬಾಗಿಲ ಕಡೆ ಒಮ್ಮೆ ನೋಡಿ, ಅತಿಥಿಯ ಕೈ ತೊಳೆಸುವಾಗ ಹೇಳಿ ಎಂದಳು. ಆಗ ಅಕಿಮ್ ದೂರ ಇರುತ್ತಾನೆ.

ಅತಿಥಿ ಎತ್ತರದ, ನೆರೆತ ಕೂದಲಿನ, ಮೃದು ದನಿಯ ಮನುಷ್ಯ. ಗುಡಾರದ ಹೊಸ್ತಿಲನ್ನು ತುಳಿಯದೆ ದಾಟಿ ಒಳಗೆ ಬಂದ, ಯಾರೋ ಹೇಳಿಕೊಟ್ಟಿದ್ದರು. ಅವನೊಂದಿಗೆ ಎಣ್ಣೆ ಕಂಪನಿಯ ಇಬ್ಬರಿದ್ದರು. ಇನ್ನೊಬ್ಬ ಗುಂಡು ತಡೆಯುವ ಗಾಡಿಗಳನ್ನು ತಯಾರಿಸುವ ಕಾರ್ಖಾನೆಯವನು, ತೊಡೆಯ ಮೇಲೆ ಹೊಳೆಯುವ ಚಿತ್ರಗಳ ಪುಸ್ತಕ ಇಟ್ಟುಕೊಂಡಿದ್ದ. ಕುನ್ಸುಲು ಹಿತ್ತಾಳೆಯ ಹೂಜಿ ಹಿಡಿದು ಅತಿಥಿಯ ಮುಂದೆ ಮಂಡಿಯೂರಿದಳು. ಅವನು ಚಾಚಿದ ಕೈಗಳ ಮೇಲೆ ಬೆಚ್ಚಗಿನ ನೀರು ಬಿಡುತ್ತ, ಕಣ್ಣೆತ್ತದೆ, ಕಲಿತಿಟ್ಟುಕೊಂಡಿದ್ದ ಮಾತನ್ನು ಹೇಳಿದಳು.

“ಇಲ್ಲಿ ಊಟ ಆದ್ಮೇಲೆ ನೀವೇನು ಕೇಳಿದ್ರೂ ಅಕಿಮ್ ಇಲ್ಲ ಅನ್ನೋ ಹಾಗಿಲ್ಲ ಸ್ವಾಮಿ. ನನ್ನ ಮಗ ಒರಾಜ್ ಜೈಲಲ್ಲಿ ರಕ್ತ ಕೆಮ್ಮುತಿದಾನೆ. ಅವನನ್ನ ಮನೆಗೆ ಕಳ್ಸಿ ಅಂತ ಕೇಳಿ. ಬೇರೇನೂ ಬೇಡ.”

ಪಕ್ಕದಲ್ಲಿ ಮೋಲ್ದಿರ್ ತಗ್ಗಿದ ದನಿಯಲ್ಲಿ ತರ್ಜುಮೆ ಮಾಡಿದಳು. ಒಂದಕ್ಷರವೂ ಬಿಡಲಿಲ್ಲ. ನೀರು ನಿಂತ ಮೇಲೂ ಅತಿಥಿ ಕೈಗಳನ್ನು ಹಾಗೇ ಚಾಚಿಕೊಂಡಿದ್ದ. ಆಮೇಲೆ ಒದ್ದೆ ಕೈಯನ್ನು ಎದೆಯ ಮೇಲಿಟ್ಟು ಏನೋ ಹೇಳಿದ.

“ಅರ್ಥ ಆಯ್ತಂತೆ,” ಎಂದಳು ಮೋಲ್ದಿರ್. “ತುಂಬಾ ದುಃಖ ಆಯ್ತಂತೆ. ಅವರಿಗೂ ಒಬ್ಬ ಮಗ ಇದಾನಂತೆ.”

ಕುನ್ಸುಲು ಹೊರಗಿನ ಒಲೆಯ ಬಳಿಗೆ ಬಂದಾಗ ಶಾರ್ಕುಲ್ ಹಿಟ್ಟಿನ ಹಾಳೆಗಳನ್ನು ಸಾರಿಗೆ ಬಿಡುತ್ತಿದ್ದಳು. ಕುನ್ಸುಲುವಿನ ಮುಖ ನೋಡಿದಳು, ತಲೆಗೆ ಕಟ್ಟಿದ ಬಟ್ಟೆಯ ತುದಿಯಿಂದ ತನ್ನ ಕಣ್ಣೊರೆಸಿಕೊಂಡು, “ಹಾಳು ಹೊಗೆ,” ಎಂದಳು.

ಮಾಂಸದ ದೊಡ್ಡ ಹರಿವಾಣದ ಮೇಲೆ ತಲೆಯನ್ನಿಟ್ಟು, ಅದರ ಮೂತಿ ಅತಿಥಿಯ ಕಡೆ ಬರುವಂತೆ ತಿರುಗಿಸಿ ಕುನ್ಸುಲು ಒಳಗೆ ತಂದಳು. ಅಕಿಮ್ ಅತಿಥಿಗೆ ಚಾಕು ಕೊಡಲು ಹೋಗಿ ಕೈ ತಡೆದ. ತಂದೆ ಬದುಕಿರುವ ಗಂಡಸು ಇನ್ನೊಬ್ಬರೆದುರು ತಲೆಯನ್ನು ಕೊಯ್ಯುವಂತಿಲ್ಲ. ಅದನ್ನು ಕೇಳಿಯೇ ಚಾಕು ಕೊಡಬೇಕು. ಮೋಲ್ದಿರ್ ಕೇಳಿದಳು. ಅತಿಥಿಯ ತಂದೆ ಬದುಕಿದ್ದ; ತೊಂಬತ್ತರ ಹತ್ತಿರ, ಗುಲಾಬಿ ಬೆಳೆಸುತ್ತಾನೆ ಎಂದು ಅತಿಥಿ ಸಂತೋಷದಿಂದ ಹೇಳಿದ.

ಊರಿನಿಂದ ಕರೆಸಿದ್ದ ಹಿರಿಯರಿಬ್ಬರು ಗಡ್ಡ ಸವರಿಕೊಂಡರು.

“ನೂರು ವರ್ಷ ಬಾಳ್ಲಿ!” ಎಂದ ಅಕಿಮ್, ಚಾಕುವನ್ನು ಅತಿಥಿಯ ಕೈಗಿಟ್ಟ. “ಇಷ್ಟು ದೂರದಿಂದ ಬಂದೋರಿಗೆ ನಮ್ಮ ನಿಯಮ ಯಾಕೆ? ಎಣ್ಣೆಗೆ ಅಪ್ಪ ಇಲ್ಲ, ಎಣ್ಣೆ ಕೊಳ್ಳೋರಿಗೂ ಇಲ್ಲ ಅಂದ್ಕೊಳ್ಳೋಣ.”

ಎಲ್ಲರೂ ನಕ್ಕರು. ಹಿರಿಯರೂ ತಡವಾಗಿ ನಕ್ಕರು. ಬಾಗಿಲ ಬಳಿ ಕೂತಿದ್ದ ಕುನ್ಸುಲುವಿಗೆ ಮಾತ್ರ ಅದು ಸರಿ ಕಾಣಲಿಲ್ಲ. ತಲೆಯ ನಿಯಮ ಇಷ್ಟು ಸುಲಭವಾಗಿ ಬಾಗುವುದನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಆದರೆ ಅತಿಥಿ ಕೆನ್ನೆಯ ಮಾಂಸವನ್ನು ಕೊಯ್ದು, ಚಿಕ್ಕದೊಂದು ತುಂಡನ್ನು ಬಾಯಿಗಿಟ್ಟುಕೊಂಡು, ಅವಳತ್ತ ನೋಡಿ ತಲೆದೂಗಿದ. ಉಂಡ. ಅಷ್ಟು ಸಾಕಿತ್ತು.

ಊಟ ನಿಧಾನವಾಗಿ ನಡೆಯಿತು. ಒಂಟೆ ಹಾಲು, ಮಾಂಸ, ಸಾರು, ನಡುನಡುವೆ ಎದ್ದು ನಿಂತು ಆಡುವ ಮಾತುಗಳು. ಎಣ್ಣೆಯ ಹೊಸ ಕೊಳವೆ ಯಾವ ಸಮುದ್ರಕ್ಕೆ ಹೋಗಬೇಕು ಎಂದು ಮಾತಾಯಿತು. ಚಿತ್ರಗಳ ಪುಸ್ತಕ ಕೈಯಿಂದ ಕೈಗೆ ಹೋಯಿತು. ಬೂದು ಬಣ್ಣದ ಎತ್ತರದ ಗಾಡಿಗಳು, ಅಂಗೈಯಗಲದ ಕಿಟಕಿಗಳು. ಗಡಿ ಕಾಯಲು ಎಂದ ಅಕಿಮ್. ನಮ್ಮ ಗಡಿಯಾಚೆ ಇರುವುದು ಸಮುದ್ರ. ಕುನ್ಸುಲು ಚಹಾ ಹಾಕುವಾಗ ಪುಸ್ತಕ ಅವಳೆದುರೇ ಹಾದುಹೋಯಿತು. ಅವಳು ನೋಡಲಿಲ್ಲ. ಅಕಿಮ್ ಯಾವಾಗ ಬಾಯಿ ಬಿಡುತ್ತಾನೆ ಎಂದು ಕಾಯುತ್ತಿದ್ದಳು.

ಅವನು ಬಿಟ್ಟ. ಅತಿಥಿಯ ಹೆಗಲಿಗೆ ಜರಿಯ ನಿಲುವಂಗಿ ಹೊದಿಸಿ, ಗುಡಾರದಾಚೆಗೂ ಕೇಳುವ ದನಿಯಲ್ಲಿ ಹೇಳಿದ: “ನಮ್ಮ ತಲೆ ಉಂಡ್ರಿ, ನಮ್ಮೋರಾದ್ರಿ. ಈಗ ನಿಮ್ಮ ಕೊಲ್ಕ ಹೇಳಿ. ಏನಾದ್ರೂ ಕೇಳಿ! ಈ ಜಿಲ್ಲೇಲಿ ಇರೋದು ಯಾವ್ದಾದ್ರೂ ಸರಿ. ಇಲ್ಲ ಅಂದ್ರೆ ನಾನು ನಮ್ಮಪ್ಪನ ಮಗನಲ್ಲ.”

ಇದಕ್ಕಿಂತ ಬಿಚ್ಚುಮನಸ್ಸಿನ ಮಾತನ್ನು ಯಾರೂ ಆಡಲಾರರು. ಹೊರಗಿದ್ದ ಶಾರ್ಕುಲ್ ಬಾಗಿಲ ಕಂಬಳಿ ಸರಿಸಿ ತಲೆ ಹಾಕಿದಳು. ಕುನ್ಸುಲು ಚಹಾದ ಬಟ್ಟಲನ್ನು ನೆಲಕ್ಕಿಟ್ಟು ಎದ್ದು ನಿಂತಳು. ಮಗನ ಹೆಸರು ಬಂದರೆ ತಾಯಿ ಕೂತಿರಬಾರದು.

ಅತಿಥಿ ಎದ್ದ. ಒಂದು ಗಳಿಗೆ ಅವಳನ್ನು ನೋಡಿದ. ಕಣ್ಣು ಅವಳನ್ನು ಬಿಟ್ಟು ಅಕಿಮ್‌ನ ಮುಖಕ್ಕೆ ಹೋಯಿತು, ಅಲ್ಲಿಂದ ತನ್ನ ಜೊತೆಯವರ ಮುಖಕ್ಕೆ, ಆಮೇಲೆ ಗುಡಾರದ ಬಲಗಡೆಗೆ. ಮೃದು ದನಿಯಲ್ಲಿ ಎರಡು ವಾಕ್ಯ ಹೇಳಿದ.

ಮೋಲ್ದಿರ್ ಬಾಯಿ ತೆರೆಯಲಿಲ್ಲ.

“ಹೇಳಮ್ಮಾ,” ಎಂದ ಅಕಿಮ್. “ಅತಿಥಿ ಮಾತನ್ನ ತಡೀಬಾರ್ದು.”

“ಈ ದಿನದ ನೆನಪಿಗೆ,” ಎಂದಳು ಮೋಲ್ದಿರ್, ತನ್ನ ಕೈಗಳನ್ನು ನೋಡುತ್ತ, “ಗೋಡೇಲಿರೋ ಆ ದೊಂಬ್ರಾ ಕೊಟ್ರೆ ಸಂತೋಷ ಅಂತೆ.”

ಚಪ್ಪಾಳೆಯ ಸದ್ದಿಗೆ ಗುಡಾರದ ಉಣ್ಣೆ ನಡುಗಿತು. “ಎಂಥಾ ರುಚಿ! ಎಂಥಾ ರುಚಿ ಇವರಿಗೆ!” ಎಂದು ಅಕಿಮ್ ತಾನೇ ಹೋಗಿ ದೊಂಬ್ರಾವನ್ನು ಜಾಲರಿಯಿಂದ ಬಿಡಿಸಿದ. ಅವಸರದಲ್ಲಿ ತಂತಿಗೆ ಉಂಗುರ ತಾಗಿ ಒಂದು ಸ್ವರ ಹೊರಟಿತು. ಎರಡೂ ಕೈಯಲ್ಲಿ ಹಿಡಿದು ಅತಿಥಿಗೆ ಕೊಟ್ಟ. ಯಾರೋ ಫೋಟೋ ತೆಗೆದರು.

ಕುನ್ಸುಲು ನಿಂತೇ ಇದ್ದಳು. ಅದು ನನ್ನದು ಎನ್ನಬಹುದಿತ್ತು. ಆದರೆ ಗುಡಾರ ಅವಳದು, ಉಪ್ಪು ಅವಳದು, ಕೋರಿಕೆ ಅತಿಥಿಯದು. ಅಂಥ ಕೋರಿಕೆಗೆ ಇಲ್ಲ ಎನ್ನುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಅತಿಥಿ ಹೊರಡುವಾಗ ಅವಳ ಮುಂದೆ ನಿಂತು ಮತ್ತೆ ಎದೆಯ ಮೇಲೆ ಕೈಯಿಟ್ಟ. ಅವಳು ಬಾಗಿ ವಂದಿಸಿದಳು.

ಕಾರುಗಳ ಧೂಳು ಅಡಗಿದ ಮೇಲೆ ಮೋಲ್ದಿರ್ ಪಾತ್ರೆ ತೊಳೆಯುವಲ್ಲಿಗೆ ಓಡಿ ಬಂದಳು. ಅವಳಿಗಾಗಿ ಒಂದು ಕಾರು ಕಾಯುತ್ತಿತ್ತು.

“ಕಾರು ಹತ್ತೋವಾಗ ಅವರನ್ನ ಕೇಳ್ದೆ ಅತ್ತೆ. ಅದಕ್ಕೆ ಇದು ಸಂದರ್ಭ ಅಲ್ವಂತೆ. ಒಪ್ಪಂದಕ್ಕೆ ಇನ್ನೂ ಸಹಿ ಬಿದ್ದಿಲ್ಲ. ಸರಿಯಾದ ಜಾಗದಲ್ಲಿ, ಸರಿಯಾದ ಮಟ್ಟದಲ್ಲಿ ಮಾತಾಡ್ತಾರಂತೆ.”

“ಸರಿಯಾದ ಜಾಗ ಅಂದ್ರೆ ಎಲ್ಲಿ?”

“ಹೇಳ್ಲಿಲ್ಲ.”

“ದೊಂಬ್ರಾ ಯಾಕೆ ಕೇಳಿದ್ರು?”

ಮೋಲ್ದಿರ್‌ಗೆ ಅಳು ಬಂದಿತ್ತು. “ಏನೂ ಕೇಳ್ದಿದ್ರೆ ನಿಮಗೆ ಅವಮಾನ ಆಗತ್ತೆ ಅಂತಂತೆ. ನಿಮ್ಮ ಮನೆಗೆ ಗೌರವ ತೋರ್ಸಿದೀನಿ ಅಂದ್ಕೊಂಡಿದಾರೆ ಅವರು.”

ಶಾರ್ಕುಲ್ ಬೋಗುಣಿಯನ್ನು ಮರಳಿನಿಂದ ಉಜ್ಜುತ್ತಿದ್ದವಳು ಕೈ ನಿಲ್ಲಿಸಲಿಲ್ಲ. “ಒಳ್ಳೇ ಮನುಷ್ಯ,” ಎಂದಳು. “ಕುರಿ ತಲೇನೂ ಉಂಡ, ನಮ್ಮ ತಲೇನೂ ಉಂಡ. ಹಲ್ಲಿಗೆ ಮಾತ್ರ ಏನೂ ಸಿಕ್ಕಿಕೊಳ್ಲಿಲ್ಲ.”

ಬೋಗುಣಿ ಹೊಳೆಯತೊಡಗಿದ ಮೇಲೂ ಉಜ್ಜುತ್ತಲೇ ಇದ್ದಳು. ಆ ಐಡಿಯಾ ತನ್ನದು ಎಂಬುದು ಅವಳಿಗೆ ಗೊತ್ತಿತ್ತು. ಕತ್ತಲಾಗುವ ಮೊದಲು ಇಬ್ಬರೂ ಸೇರಿ ಗುಡಾರ ಬಿಚ್ಚಿದರು. ಕಚೇರಿಯ ಲಾರಿ ಬರಲಿಲ್ಲ, ಯಾರದೋ ಒಂಟೆಗಾಡಿಯಲ್ಲಿ ಮನೆಗೆ ತಂದರು.

ಒಪ್ಪಂದಕ್ಕೆ ಸಹಿ ಬಿದ್ದದ್ದು ಬೇಸಿಗೆಯಲ್ಲಿ, ರಾಜಧಾನಿಯಲ್ಲಿ. ಪತ್ರಿಕೆಯಲ್ಲಿ ಬಂದ ಚಿತ್ರದಲ್ಲಿ ಅತಿಥಿ ನಿಲುವಂಗಿ ತೊಟ್ಟು ದೊಂಬ್ರಾವನ್ನು ತಲೆಕೆಳಗಾಗಿ ಹಿಡಿದಿದ್ದ. ಎರಡು ದೇಶಗಳ ಸ್ನೇಹವನ್ನು ಹೊಗಳಿ ಅವನಾಡಿದ ಮಾತೂ ಇತ್ತು. ಮಾನವ ಹಕ್ಕುಗಳ ವಿಷಯವೂ ಚರ್ಚೆಗೆ ಬಂತು ಎಂದು ಕೊನೆಯಲ್ಲಿ ಒಂದು ಸಾಲು. ಯಾರ ಹಕ್ಕು, ಯಾರು ಚರ್ಚಿಸಿದರು ಎಂದು ಬರೆದಿರಲಿಲ್ಲ. ಕುನ್ಸುಲು ಆ ಸಾಲನ್ನು ಹಿಡಿದುಕೊಂಡು ಮತ್ತೆ ಕಚೇರಿಗೆ ಹೋದಳು. ಸರಿಯಾದ ಜಾಗದಲ್ಲಿ ಮಾತಾಗಿರಬಹುದು ಎಂದು ಅವಳ ಆಸೆ. ಸೆರಿಕ್‌ಬಾಯ್ ಅವಳಿಗೆ ಕುರ್ಚಿ ಕೊಟ್ಟು, ಚಹಾ ತರಿಸಿ, ಸಾಹೇಬರು ನಿಮ್ಮ ಅಡುಗೆಯನ್ನು ಇಂದಿಗೂ ನೆನೆಯುತ್ತಾರೆ ಎಂದ. ಒರಾಜ್‌ನ ವಿಷಯ ಎತ್ತಿದಾಗ ಸಾಹೇಬರು ಸಭೆಯಲ್ಲಿದ್ದರು.

ಮೊದಲ ಹಿಮ ಬೀಳುವ ಹೊತ್ತಿಗೆ ಚಿತ್ರದಲ್ಲಿದ್ದ ಆ ಬೂದು ಗಾಡಿಗಳು ಗೂಡ್ಸ್ ರೈಲಿನಲ್ಲಿ ಬಂದವು. ಸಮುದ್ರದ ಕಡೆಗೆ ಒಂದೂ ಹೋಗಲಿಲ್ಲ. ಹಬ್ಬದ ಮೆರವಣಿಗೆಯ ದಿನ ಅವನ್ನು ಚೌಕದಲ್ಲಿ ಸಾಲಾಗಿ ನಿಲ್ಲಿಸಿದರು. ಮಕ್ಕಳು ಚಕ್ರ ಹತ್ತಿ ಆಡಿದರು; ಪೊಲೀಸರು ಬೈಯದೆ ಎತ್ತಿ ಕೂರಿಸಿದರು. ಹಬ್ಬ ಮುಗಿದ ಮೇಲೂ ಎರಡು ಗಾಡಿ ಅಲ್ಲೇ ಉಳಿದವು. ಈಗಲೂ ಇವೆ. ಬಾವಿ ಕೆಲಸಗಾರರ ಬಸ್ಸು ಅವುಗಳನ್ನು ಸುತ್ತಿಕೊಂಡು ಹೋಗುತ್ತದೆ. ಬಾವಿಯ ಹತ್ತಿರಕ್ಕೆ ಡಾಕ್ಟರು ಇನ್ನೂ ಬಂದಿಲ್ಲ. ಬೇಕು ಎಂದು ಚೌಕದಲ್ಲಿ ಯಾರೂ ಕೂತೂ ಇಲ್ಲ.

ಆ ಚಳಿಗಾಲದ ಕೊನೆಗೆ ಕುನ್ಸುಲುವಿಗೆ ಮಗನನ್ನು ನೋಡಲು ಅನುಮತಿ ಸಿಕ್ಕಿತು. ಒಣಗಿಸಿದ ಮೊಸರಿನ ಉಂಡೆ, ಕುದುರೆ ಮಾಂಸ, ಉಣ್ಣೆಯ ಕಾಲುಚೀಲ ಕಟ್ಟಿಕೊಂಡು ರೈಲು ಹತ್ತಿದಳು. ನಡುವೆ ಗಾಜು, ಎರಡೂ ಕಡೆ ಟೆಲಿಫೋನು. ಒರಾಜ್‌ನ ಕೆನ್ನೆಗಳು ಒಳಗೆ ಹೋಗಿದ್ದವು. ಕೆಮ್ಮು ಬಂದಾಗ ಫೋನನ್ನು ಭುಜಕ್ಕೆ ಒತ್ತಿ ಹಿಡಿಯುತ್ತಿದ್ದ, ತಾಯಿಗೆ ಕೇಳಬಾರದೆಂದು. ಗಾಜಿನಾಚೆ ಎಲ್ಲವೂ ಕಾಣುತ್ತಿತ್ತು.

“ಅವ್ವಾ, ಊರಿಗೆ ಯಾರೋ ದೊಡ್ಡೋರು ಬಂದಿದ್ರಂತೆ. ನೀನೇ ತಲೆ ಬೇಯ್ಸಿದ್ಯಂತೆ. ಹೊಸದಾಗಿ ಬಂದೋನೊಬ್ಬ ಹೇಳ್ದ.”

“ಹೌದಪ್ಪ.”

“ಚೆನ್ನಾಗಾಗಿತ್ತಾ?”

“ಉಂಡ್ರು.”

ಅವನು ನಕ್ಕ, ಫೋನನ್ನು ಭುಜಕ್ಕೊತ್ತಿಕೊಂಡ, ಮತ್ತೆ ಕಿವಿಗಿಟ್ಟ. “ದೊಂಬ್ರಾ ಕೊಟ್ಟಿಗೇಲಿ ಇಟ್ಟಿಲ್ಲ ತಾನೆ? ಚಳಿಗೆ ಮರ ಬಿರಿಯತ್ತೆ.”

“ಇಲ್ಲ. ಕೊಟ್ಟಿಗೇಲಿಲ್ಲ.”

“ಒಲೆ ಹತ್ರಾನೂ ಬೇಡ. ತಂತಿ ಸಡಿಲ ಮಾಡಿದೀಯಾ?”

“ಮಾಡಿದೀನಿ.”

“ಬಂದ್ಮೇಲೆ ಮೊದ್ಲು ತಂತಿ ಬದಲಾಯ್ಸ್ಬೇಕು. ನಮ್ಮ ಬಜಾರಲ್ಲಿ ಸಿಗೋದು ಚೆನ್ನಾಗಿರಲ್ಲ.”

ಒಳ್ಳೆಯ ತಂತಿ ಸಿಗುವ ಅಂಗಡಿ ಯಾವ ಊರಿನಲ್ಲಿದೆ, ಯಾವ ಬೀದಿಯಲ್ಲಿ, ಎಷ್ಟು ದಪ್ಪದ್ದು ಕೇಳಬೇಕು ಎಂದು ಉಳಿದ ಹೊತ್ತೆಲ್ಲ ಅವನು ಹೇಳುತ್ತ ಹೋದ. ಕುನ್ಸುಲು ಅಂಗಡಿಯ ಹೆಸರನ್ನು ಎರಡು ಸಲ ಹೇಳಿಸಿಕೊಂಡಳು.